ಬೆರಳ ತುದಿಯ ನೀಲಿ

ಮಗಳು ಕೈಗೆ ಬಿಳಿ ಗವಸು ತೊಟ್ಟು, ಮೆತ್ತನೆಯ ಬಟ್ಟೆಯ ಮಡಿಕೆಯಲ್ಲಿ ಫಿಲ್ಮನ್ನು ಹಿಡಿದು, ಸುರುಳಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಹಳೆಯ ಧೂಳು ಬಟ್ಟೆಗೆ ಕಪ್ಪಗೆ ಅಂಟುತ್ತಿತ್ತು. ಪಕ್ಕದಲ್ಲಿ ಅಪ್ಪ ಕೈಕಟ್ಟಿ ಕೂತಿದ್ದ.

ಅದು ಅಪ್ಪ ಕ್ಯಾಮೆರಾ ಹಿಡಿದ ಒಂದೇ ಒಂದು ಸಿನಿಮಾ. ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಹೊರಟ ಹಡಗಿನ ಕಥೆ. ಕಿಟಕಿಯ ಬಳಿ ನಿಲ್ಲುವ ಹೆಂಗಸಿನ ಪಾತ್ರ ಅಮ್ಮನದು. ಮಗಳಿಗೆ ಬುದ್ಧಿ ತಿಳಿಯುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಆಟಕ್ಕೆ ಹೋಗಲಾಗದ ಮಳೆಯ ಮಧ್ಯಾಹ್ನಗಳಲ್ಲಿ ಅಪ್ಪ ಕಿಟಕಿ ಮುಚ್ಚಿ, ಗೋಡೆಯ ಮೇಲೆ ಈ ಸಿನಿಮಾ ಬಿಡುತ್ತಿದ್ದ. ಅಷ್ಟು ಹೊತ್ತಿಗಾಗಲೇ ಪ್ರಿಂಟಿನ ಬಣ್ಣ ಹಾರಿ ಚಿತ್ರವೆಲ್ಲ ಕೆಂಪಗಾಗಿತ್ತು. ಹಡಗೂ ಕೆಂಪು, ಆಕಾಶವೂ ಕೆಂಪು, ಅಮ್ಮನೂ ಕೆಂಪು. ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕಾಣುತ್ತದಲ್ಲ, ಆ ಬಣ್ಣ. ಮಗಳ ಪಾಲಿಗೆ ಅಮ್ಮ ಎಂದರೆ ಅದೇ.

ಈಗ ಮಗಳು ಕೆಲಸಕ್ಕಿದ್ದ, ಹಳೆಯ ಸಿನಿಮಾ ಸರಿಪಡಿಸುವ ಲ್ಯಾಬಿನಲ್ಲೇ ಆ ಚಿತ್ರಕ್ಕೆ ಮೊದಲಿನ ಬಣ್ಣ ಮರಳಿ ಬರಬೇಕಿತ್ತು. ಒರೆಸಿದ ಕೊನೆಯ ರೀಲೂ ಕಂಪ್ಯೂಟರಿಗೆ ಏರಿದ ಮೇಲೆ, ಬಣ್ಣ ಸರಿಮಾಡುವವಳು ಇಬ್ಬರನ್ನೂ ಒಳಗೆ ಕರೆದಳು. ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಬಣ್ಣದಕ್ಕ.

ಪರದೆಯ ಮೇಲೆ ಕೆಂಪು ಇಳಿಯುತ್ತಾ ಬಂತು. ನೀಲಿ ಏರಿತು.

“ಇದೇನ್ ಸಾರ್, ಎಲ್ಲರನ್ನೂ ಫ್ರಿಜ್ಜಲ್ಲಿ ಇಟ್ಟ ಹಾಗಿದೆ,” ಎಂದಳು ಬಣ್ಣದಕ್ಕ.

“ಹಾಗೇ ಇರ್ಬೇಕು,” ಎಂದ ಅಪ್ಪ. “ಅವ್ರೆಲ್ಲ ಹಡಗಲ್ಲೇ ಹುಟ್ಟಿದೋರು. ಬಿಸಿಲು ಅಂದ್ರೇನು ಅಂತ ಗೊತ್ತಿಲ್ಲ. ಕೊನೇಲಿ ಕಿಟಕಿ ತೆರೆದಾಗ ಮೊದಲ್ನೇ ಸಲ ಹಳದಿ ಬೀಳುತ್ತೆ. ಅದಕ್ಕೆ ಮುಂಚೆ ಒಂಚೂರು ಹಳದಿ ಕಂಡ್ರೂ ಕಥೆ ಕೆಟ್ಟ ಹಾಗೆ.”

“ಇಷ್ಟೊಂದು ನೀಲಿ ಎಲ್ಲಿಂದ ತಂದ್ರಿ?”

“ಗಾಜಿನ ತೊಟ್ಟಿಲಿ ನೀರು ತುಂಬಿ, ಬಟ್ಟೆಗೆ ಹಾಕೋ ನೀಲಿ ಕದಡಿ, ದೀಪದ ಮುಂದೆ ಇಟ್ವಿ. ಕದಡ್ತಿದ್ದೋಳು ಇವಳಮ್ಮ. ‘ನಟಿ ಅಂತ ಕರ್ಕೊಂಡು ಬಂದು ಅಗಸಗಿತ್ತಿ ಮಾಡಿದ್ರಿ’ ಅಂತ ದಿನಾ ಬೈತಿದ್ಲು.”

ಬಣ್ಣದಕ್ಕ ನಕ್ಕಳು. ಮಗಳು ನಗಲಿಲ್ಲ. ಪರದೆಯ ಮೇಲಿದ್ದವಳು ಯಾರೋ ಪರಕೀಯಳಂತೆ, ತಣ್ಣಗೆ, ನೀಲಿ ಕೆನ್ನೆಯೊಂದಿಗೆ ನಿಂತಿದ್ದಳು. ಗೋಡೆಯ ಮೇಲಿದ್ದ ಅಮ್ಮನನ್ನು ಯಾರೋ ಕಣ್ಣೆದುರೇ ಒಯ್ದಂತೆ ಮಗಳಿಗೆ ಅನಿಸಿತು. ಹಳೆಯ ಕೆಂಪನ್ನೇ ಉಳಿಸಿ ಎಂದು ಕೇಳಬೇಕೆನಿಸಿತು.

ಅಷ್ಟರಲ್ಲಿ ಹಡಗಿನ ಕಿಟಕಿ ತೆರೆಯಿತು. ಅಮ್ಮನ ಮೇಲೆ ಹಳದಿ ಬಿತ್ತು. ಬೆಳಕು ತಾಳಲಾರದೆ ಅವಳು ಹಣೆಗೆ ಕೈ ಅಡ್ಡ ಹಿಡಿದಳು. ಐದೂ ಬೆರಳ ತುದಿ ಕಡುನೀಲಿ. ಉಗುರಿನ ಸಂದಿಯಲ್ಲೂ ನೀಲಿ. ಕೆಂಪಿನಲ್ಲಿ ಅದು ಬರೀ ನೆರಳಿನಂತೆ ಕಾಣುತ್ತಿತ್ತು.

“ಸಾರ್, ಬೆರಳಲ್ಲಿ ಏನೋ ಕಲೆ. ತೆಗೆದುಬಿಡ್ಲಾ? ದೊಡ್ಡ ಕೆಲಸ ಏನಲ್ಲ.”

ಅಪ್ಪ ಮುಂದಕ್ಕೆ ಬಾಗಿದ.

“ಅದು ಆ ತೊಟ್ಟಿ ನೀಲಿ. ಶೂಟಿಂಗಲ್ಲಿ ನೀಲಿ ಬೆಳಕಿಗೆ ಕಾಣಿಸ್ಲೇ ಇಲ್ಲ. ಇಲ್ಲಿ ಹಳದಿ ಬಿದ್ದಾಗ ನಾನು ಅವಳ ಮುಖಾನೇ ನೋಡ್ತಿದ್ದೆ, ಕೈ ನೋಡ್ಲಿಲ್ಲ. ಪ್ರಿಂಟ್ ಬಂದ್ಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಸೆಟ್ ಕಿತ್ತಿದ್ರು. ನನಗೆ ತಲೆ ಎತ್ತೋಕೆ ಆಗ್ಲಿಲ್ಲ. ಅವಳು ಮಾತ್ರ, ‘ಹಡಗಿನೋರ ಬೆರಳೇ ಹಾಗೆ ಅಂದ್ಬಿಡಿ’ ಅಂತ ನಗ್ತಿದ್ಲು. ತೆಗಿಯಮ್ಮ ಅದನ್ನ. ಈಗ್ಲಾದ್ರೂ ಸರಿಯಾಗ್ಲಿ.”

ಬಣ್ಣದಕ್ಕ ಆ ಕೈಯನ್ನು ದೊಡ್ಡದು ಮಾಡಿದಳು. ಪರದೆಯ ತುಂಬ ಬೆರಳುಗಳು. ದಿನವಿಡೀ ನೀರಿನಲ್ಲಿದ್ದು ತುದಿ ಸುಕ್ಕುಗಟ್ಟಿತ್ತು. ನಗುತ್ತಾ ಬೈಯುತ್ತಾ ತೊಟ್ಟಿಗೆ ಕೈ ಹಾಕಿ ಕದಡುವ ಹೆಂಗಸೊಬ್ಬಳು ಮಗಳಿಗೆ ಮೊದಲ ಸಲ ಕಂಡಳು. ಗೋಡೆಯ ಮೇಲಿನ ಕೆಂಪಿನಲ್ಲಿ ಅವಳೆಂದೂ ಕಂಡಿರಲಿಲ್ಲ.

“ಅಪ್ಪ,” ಎಂದಳು ಮಗಳು. “ಅದು ಹಾಗೇ ಇರ್ಲಿ.”

ಬಣ್ಣದಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಪರದೆಯನ್ನೇ ನೋಡುತ್ತಾ, “ಹಡಗಿನೋರ ಬೆರಳೇ ಹಾಗೆ,” ಎಂದ.