ಗಿರಣಿಯ ಸೂಜಿಗಲ್ಲು, ಚಿಕ್ಕಬೀರಮ್ಮನ ಗುಂಡಿಗೆ

ಹಾರನಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುವ ಬಾಯಿಗೆ ಒಂದು ಸೂಜಿಗಲ್ಲು ಕಟ್ಟಿದೆ. ರಾಗಿಯಲ್ಲಿ ಬೆರೆತ ಮೊಳೆ, ಪಿನ್ನು ಟಕ್ ಎಂದು ಹಾರಿ ಅದಕ್ಕೆ ಅಂಟುತ್ತವೆ. ಗಿರಣಿಯ ಒಡತಿ ಚಿಕ್ಕಬೀರಮ್ಮ ಬಡಿತ ತಪ್ಪುತ್ತಿದ್ದ ಗುಂಡಿಗೆಗೆಂದು ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ, ಯಂತ್ರಕ್ಕೆ ತೊಂದರೆಯಾದೀತೆಂದು, ಆ ಸೂಜಿಗಲ್ಲು ಒರೆಸುವ ಕೆಲಸ ಮಗ ವಸಂತನದು.

ಈಗ ಚಿಕ್ಕಬೀರಮ್ಮನವರಿಗೆ ನಾಲ್ಕು ಹೆಜ್ಜೆಗೇ ಏದುಸಿರು, ಪಾದವೆಲ್ಲ ಊತ. ಹೃದಯದ ಎಂಆರ್‌ಐ ಮಾಡಿಸಿದರೇ ಕಾರಣ ತಿಳಿಯುವುದು, ಆಮೇಲೇ ಸರಿಯಾದ ಔಷಧಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಚಿಕ್ಕಬೀರಮ್ಮ ಒಪ್ಪುತ್ತಿಲ್ಲ.

"ಅದು ಆಳೆತ್ತರದ ಸೂಜಿಗಲ್ಲಂತೆ ಕಣ್ಲಾ. ಮೊಳೆ ಎಳ್ದಂಗೆ ಎಳ್ಕೊಂಡ್ರೆ? ನಾನು ಒಳಗೆ, ನನ್ ಮಿಸಿನ್ನು ಆಚೆಗೆ."

ಊರಿನ ಆಶಾ ಕಾರ್ಯಕರ್ತೆ ವಾಣಿಶ್ರೀ ಹಿತ್ತಾಳೆ ಚೊಂಬೊಂದನ್ನು ಸೂಜಿಗಲ್ಲಿಗೆ ಹಿಡಿದಳು. ಅಂಟಲಿಲ್ಲ.

"ಯಾಕ್ ಅಂಟ್ನಿಲ್ಲ ದೊಡ್ಡವ್ವ?"

"ಅದು ಹಿತ್ತಾಳೆ ಅಲ್ವೇನೇ."

"ನಿಮ್ ಮಿಸಿನ್ನಿನ ಕವಚನೂ ಕಬ್ಬಿಣ ಅಲ್ಲ. ಅಂಗಂತ ಸುಮ್ನೆ ಹೋಗಿ ಮಲಗೋ ಅಂಗಿಲ್ಲ. ಒಳಗೆ ಬ್ಯಾಟ್ರಿ ಅದೆ, ಗುಂಡಿಗೆಗೆ ಹೋಗೋ ತಂತಿ ಅವೆ. ಯಾವ ಮಾಡಲ್ ಅಂತ ಡಾಕ್ಟ್ರು ನೋಡ್ಬೇಕು. ಅದ್ನ ಬರ್ದು ಆಸ್ಪತ್ರೆ ಕೊಟ್ಟ ಕಾರ್ಡು ಎಲ್ಲಿ?"

ವಸಂತ ಗಿರಣಿಯ ಹಿಂದಿನಿಂದ ಕಾರ್ಡು ತಂದ. ನಾಲ್ಕು ವರ್ಷದಿಂದ ಚಿಕ್ಕಬೀರಮ್ಮ ಗಿರಣಿಗೆ ಅಂಟಿದ ಹಿಟ್ಟನ್ನು ಅದರಲ್ಲೇ ಕೆರೆಯುತ್ತಿದ್ದರು.

"ಗಟ್ಟಿ ಪ್ಲಾಸ್ಟಿಕ್ಕು ಕಣಮ್ಮ, ಚೆನ್ನಾಗಿ ಕೆರೀತದೆ" ಎಂದರು ಚಿಕ್ಕಬೀರಮ್ಮ.

ಹೆಸರು ಉಳಿದಿತ್ತು. ಮಾಡಲ್ ನಂಬರು ಸವೆದು ಯಾರ ಮನೆಯ ಮುದ್ದೆಯೊಳಗೆ ಹೋಯಿತೋ.

"ನಂಬರ್ ತಿಳೀದೆ ಸ್ಕ್ಯಾನ್ ಮಾಡಕಿಲ್ಲ" ಎಂದ ವಾಣಿಶ್ರೀ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನು ಹಚ್ಚಿದಳು. ಹಳೆಯ ಫೈಲು ಮಾರನೇ ದಿನ ಸಿಕ್ಕಿತು. ಅದನ್ನು ನೋಡಿದ ಡಾಕ್ಟರು, ಯಂತ್ರ, ತಂತಿ ಎರಡೂ ಎಂಆರ್‌ಐಗೆ ಒಗ್ಗುವಂಥವು ಎಂದ ಮೇಲೆ ಚಿಕ್ಕಬೀರಮ್ಮ ಒಪ್ಪಿದರು.

ವಸಂತ ಕರೆದೊಯ್ದ ಮೈಸೂರಿನ ಆಸ್ಪತ್ರೆಯಲ್ಲಿ ಓಲೆ, ಕಾಲುಂಗುರ ತೆಗೆಸಿದರು. ಅಂಗೈಯಗಲದ ಸಾಧನವೊಂದನ್ನು ಎದೆಯ ಮೇಲಿಟ್ಟು, ಚರ್ಮ ಕುಯ್ಯದೆ, ಪೇಸ್‌ಮೇಕರನ್ನು ಸ್ಕ್ಯಾನಿಗೆ ತಕ್ಕಂತೆ ಹೊಂದಿಸಿದರು. ಒಳಗಿದ್ದಷ್ಟು ಹೊತ್ತೂ ನಾಡಿ ಬಡಿತದ ಮೇಲೆ ಡಾಕ್ಟರ ಕಣ್ಣಿತ್ತು. ಮುಗಿದ ಮೇಲೆ ಯಂತ್ರವನ್ನು ಮೊದಲಿನಂತೆ ಮಾಡಿದರು.

"ನಿಮ್ ಸ್ಕ್ಯಾನ್ ಮಿಸಿನ್ನು ಟಕಟಕಟಕ, ಗೊರ್‌ರ್ ಅಂತದೆ" ಎಂದರು ಹೊರಬಂದ ಚಿಕ್ಕಬೀರಮ್ಮ. "ಬೆಲ್ಟು ಸಡ್ಲ ಆಗ್ಯದೆ, ನೋಡಿಸ್ಕಳ್ರಿ."

ಡಾಕ್ಟರು ನಗುತ್ತ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ಕತ್ತಲಲ್ಲಿ ಬೂದು ಬಣ್ಣದ ಮುಷ್ಟಿಯೊಂದು ಬಿಗಿಯುತ್ತಿತ್ತು, ಸಡಿಲುತ್ತಿತ್ತು.

"ಇದು ನಂದಾ?"

"ನಿಮ್ಮದೇ. ಹುಟ್ಟೋಕೆ ಮೊದಲಿಂದಲೂ ನಡೀತಿದೆ."

ಚಿಕ್ಕಬೀರಮ್ಮ ಪರದೆಯ ಹತ್ತಿರಕ್ಕೆ ಬಾಗಿದರು. ಕೈ ತಾನಾಗಿ ಮುಗಿದುಕೊಂಡಿತ್ತು.

"ನನ್ ಗಿರಣಿಗೂ ಅಮಾಸೆ ರಜ ಅದೆ" ಎಂದರು ಮೆಲ್ಲಗೆ. "ಇದು ಒಂದಿನಾನೂ ನಿಂತಿಲ್ವಲ್ಲ ಕಣ್ಲಾ ವಸಂತ."

ಹೃದಯದ ಗೋಡೆಯ ಒಂದು ಕಡೆ ಬಾವು ಕಂಡಿತು. ಅದಕ್ಕೆ ತಕ್ಕ ಔಷಧಿ ಶುರುವಾಯಿತು. ಎರಡು ತಿಂಗಳಾದ ಮೇಲೆ ಚಿಕ್ಕಬೀರಮ್ಮ ಮನೆಯಿಂದ ಗಿರಣಿಗೆ ನಿಲ್ಲದೆ ನಡೆದು ಬಂದರು. ಆಸ್ಪತ್ರೆಯಿಂದ ಮಾಡಿಸಿಕೊಂಡ ಹೊಸ ಕಾರ್ಡು ಸೊಂಟದ ಚೀಲದಲ್ಲಿತ್ತು.

ಪೇಸ್‌ಮೇಕರ್ ಇರುವವರೇ, ಅವರ ಮನೆಯವರೇ, ಎಂಆರ್‌ಐ ಎಂದ ಕೂಡಲೇ ಹೆದರಿ ಬೇಡ ಎನ್ನಬೇಡಿ, ಯಂತ್ರವಿದೆ ಎಂಬುದನ್ನು ಮುಚ್ಚಿಡಲೂ ಬೇಡಿ. ಎಲ್ಲ ಯಂತ್ರವೂ ಒಂದೇ ಅಲ್ಲ. ನಿಮ್ಮದಕ್ಕೆ ಸ್ಕ್ಯಾನು ಆಗುತ್ತದೋ ಇಲ್ಲವೋ ಎಂದು ಹೃದಯದ ಡಾಕ್ಟರೇ ಹೇಳಬೇಕು. ಈಗಲೇ ಎದ್ದು ನಿಮ್ಮ ಕಾರ್ಡು ಎಲ್ಲಿದೆ ನೋಡಿ. ಹಿಟ್ಟು ಕೆರೆಯುತ್ತಿದ್ದರೆ ಒರೆಸಿ ಜೇಬಿಗಿಟ್ಟುಕೊಳ್ಳಿ.