ಲಾಭ, ಎರಡು, ಮೂರು

"ನಿನ್ನ ದನಿ ಇರೋತನಕ ಲಾಭ ನೀನ ಅನ್ನಬೇಕು, ತಿರಕ್ಯಾ. ಆ ಮಾತು ಇನ್ನೊಬ್ಬರ ಬಾಯಿಗೆ ಹೋಗಾಂಗಿಲ್ಲ. ಇದು ಮೌಲಾಸಾಬನ ಮಾತು."

ಮೂವತ್ತು ವರ್ಷಗಳ ಹಿಂದೆ, ಗದಗಿನ ರೈಲ್ವೆ ಗೂಡ್ಸ್ ಶೆಡ್ಡಿನ ಕಟ್ಟೆಯ ಮೇಲೆ ಮೌಲಾಸಾಬ ಹೀಗೆ ಮಾತು ಕೊಟ್ಟ. ಕೊಡುವಾಗ ನಾನು ಅವನ ಬಲಗೈಯಲ್ಲಿದ್ದೆ. ಆ ಕೈಯ ಬೆವರು ನನಗೆ ಹೊಸದು. ಅದುವರೆಗೆ ನಾನು ತಿರಕಪ್ಪನ ಅಂಗೈಯ ಬಿಸಿಯಲ್ಲಿ ಬೆಳೆದಿದ್ದೆ.

ನಾನು ಒಂದು ಕೊಕ್ಕೆ. ಹಮಾಲರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆ. ಗೇಣುದ್ದದ ಮೈ, ಗಿಳಿಯ ಮೂಗಿನಂಥ ಬಾಗು, ಹಿಡಿಯಲು ಜಾಲಿ ಮರದ ಹಿಡಿಕೆ. ಹುಟ್ಟಿದ್ದು ಮುಳಗುಂದ ನಾಕಾದ ಹತ್ತಿರ, ಕಮ್ಮಾರ ಮೌನಪ್ಪನ ಕುಲುಮೆಯಲ್ಲಿ. ಅದಕ್ಕೂ ಹಿಂದೆ ನಾನೊಂದು ಲಾರಿಯ ಸ್ಪ್ರಿಂಗ್ ಪಟ್ಟಿಯಾಗಿದ್ದೆನಂತೆ. ಆ ಜನ್ಮದ ನೆನಪು ನನಗೆ ಪೂರ್ತಿ ಇಲ್ಲ. ಕೆಂಡದಲ್ಲಿ ಕೆಂಪಾಗಿ ಮಲಗಿದ್ದಾಗ ಮಾತ್ರ ಘಾಟುಗಳು, ತಿರುವುಗಳು, ಬೆಳಗಿನ ಜಾವದ ಚಹಾದಂಗಡಿಗಳ ಹೊಗೆ, ಎಲ್ಲ ನನ್ನೊಳಗಿಂದ ಎದ್ದು ಹೋದ ಹಾಗೆ ಅನಿಸಿತು. ಆಮೇಲೆ ಸುತ್ತಿಗೆಯ ಏಟು ಬಿತ್ತು. ಏಟಿಗೊಂದು ಊರು ಮರೆತೆ.

"ಕೊಕ್ಕಿ ಚೂಪ ಇದ್ರ ಸಾಲೂದಿಲ್ಲ ತಿರಕಪ್ಪಾ," ಎಂದ ಮೌನಪ್ಪ, ನನ್ನನ್ನು ನೀರಿಗೆ ಅದ್ದುತ್ತ. "ಚೀಲದ ನೂಲು ಸರಿಸಿ ಒಳಗ ಹೋಗಬೇಕು. ಹೊರಗ ಬಂದಮ್ಯಾಲೆ ನೂಲು ಮತ್ತ ಕೂಡಬೇಕು. ಒಂದು ಕಾಳು ಉದುರಿದ್ರ ಹೇಳು, ವಾಪಸ್ ತಗೋತೀನಿ."

"ಉದುರಿದ್ರ ನನ್ನ ಹೇಂತಿ ಆರಿಸಿಕೊಂಡು ಅಡಿಗಿ ಮಾಡ್ತಾಳ. ವಾಪಸ್ ಯಾಕ ಕೊಡ್ಲಿ?" ಎಂದ ತಿರಕಪ್ಪ.

ಉದುರಲಿಲ್ಲ.

ಕೊಕ್ಕೆಯ ಬದುಕು ಹೊರಗಿನವರಿಗೆ ಒರಟಾಗಿ ಕಾಣುತ್ತದೆ. ಒಳಗಿನ ಸುಖ ನಮಗೇ ಗೊತ್ತು. ಒಂದೊಂದು ಚೀಲಕ್ಕೂ ನನ್ನ ತುದಿ ಒಂದು ಕ್ಷಣ ಒಳಹೊಕ್ಕು ಹೊರಬರುತ್ತದೆ. ಆ ಒಂದು ಕ್ಷಣ ನನಗೊಂದು ಕನಸು. ಕಡಲೆಯ ಚೀಲದಲ್ಲಿ ಎರೆಹೊಲದ ಇಬ್ಬನಿ ಇರುತ್ತಿತ್ತು. ಮೆಣಸಿನಕಾಯಿಯ ಚೀಲದಲ್ಲಿ ಕಣ್ಣು ಮುಚ್ಚಿಸುವ ಕೆಂಪು ಬಿಸಿಲು. ಸಕ್ಕರೆ ಚೀಲದೊಳಗೆ ಹೊಕ್ಕರೆ ಎಲ್ಲಿಯೋ ದೂರದ ಕಾರ್ಖಾನೆಯ ಸೈರನ್ನು ಕೇಳುತ್ತಿತ್ತು. ನಾನು ಗದಗ ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೆ ದಿನಕ್ಕೆ ಮುನ್ನೂರು ಊರು ನೋಡುತ್ತಿದ್ದೆ.

ಮೌಲಾಸಾಬನ ಗುಂಪಿನಲ್ಲಿ ಒಂಬತ್ತು ಜನ. ಮುಂದಾಳು ಮೌಲಾಸಾಬ, ಅವನನ್ನು ಎಲ್ಲರೂ ಮುಕಾದಮ ಅನ್ನುತ್ತಿದ್ದರು. ಇಬ್ಬರು ಕೊಕ್ಕೆ ಹಾಕಿ ಚೀಲ ಎತ್ತುವರು, ಮೂರನೆಯವನು ಬೆನ್ನು ಕೊಡುವನು. ಹೊತ್ತವನು ಮುಂದೆ ದಾಟುವಾಗ ಮುಕಾದಮ ಎಣಿಕೆ ಕೂಗುವನು. ನಮ್ಮ ಕಡೆ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಕಾಳು ಅಳೆಯುವಾಗಲಿ, ಚೀಲ ಇಳಿಸುವಾಗಲಿ, ಮೊದಲನೆಯದಕ್ಕೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. ಲಾಭ, ಎರಡು, ಮೂರು. ಹೀಗೆ ಇಪ್ಪತ್ತರವರೆಗೆ. ಇಪ್ಪತ್ತಾದ ಕೂಡಲೇ ಒಂದು ಹುಣಸೆಬೀಜ ಪಕ್ಕಕ್ಕಿಟ್ಟು ಮತ್ತೆ ಲಾಭ. ಕೊನೆಗೆ ಬೀಜ ಎಣಿಸಿದರೆ ಲೆಕ್ಕ ಮುಗಿಯಿತು. ಕೂಗುವುದು ಮುಕಾದಮನ ಹಕ್ಕು. ಅದನ್ನು ಬೇರೆಯವರಿಗೆ ಯಾರೂ ಬಿಟ್ಟುಕೊಟ್ಟದ್ದಿಲ್ಲ.

ಒಂದು ಶ್ರಾವಣದ ಬೆಳಿಗ್ಗೆ, ರೈಲಿನ ಡಬ್ಬಿಯಿಂದ ಲಾರಿಗೆ ಹಾಕಿದ್ದ ಹಲಗೆ ಜಿಟಿಜಿಟಿ ಮಳೆಗೆ ನೆನೆದಿತ್ತು. ತಿರಕಪ್ಪನ ಬೆನ್ನ ಮೇಲೆ ಕ್ವಿಂಟಲ್ ಸಕ್ಕರೆ, ನಡುವಿಗೆ ಸಿಕ್ಕಿಸಿಕೊಂಡ ನಾನು. ಕಾಲು ಜಾರಿತು. ಚೀಲ ಮೇಲೆ, ಅವನು ಕೆಳಗೆ. ಅವನ ಸೊಂಟದೊಳಗೆ ಏನೋ ಮುರಿದ ಸದ್ದು ಮೊದಲು ಕೇಳಿದ್ದು ನಾನು.

ಮೂರು ತಿಂಗಳ ಮೇಲೆ ಕೋಲೂರಿಕೊಂಡು ಶೆಡ್ಡಿಗೆ ಬಂದ. ನನ್ನನ್ನು ಮೌಲಾಸಾಬನ ಮುಂದೆ ಹಿಡಿದ.

"ಇನ್ನ ಇದು ನನಗ್ಯಾಕ ಮೌಲಾ? ನಿಂದು ಸವದೈತಿ, ಇದನ್ನ ಇಟ್ಕೋ."

ಮೌಲಾಸಾಬ ನನ್ನನ್ನು ತೆಗೆದುಕೊಂಡ. ತೆಗೆದುಕೊಂಡ ಕೈಯಿಂದಲೇ ಆ ಮಾತು ಕೊಟ್ಟ. ತನ್ನ ಹಕ್ಕನ್ನು ಅವನಿಗೆ ದಾಟಿಸಿದ. ಕೂಗುವವನಿಗೂ ಹೊರುವವನಷ್ಟೇ ಪಾಲು ಎಂದ. ಉಳಿದ ಏಳೂ ಜನ ಹೂಂ ಅಂದರು. ಗುಂಪಿಗೆ ಆಗಷ್ಟೇ ಸೇರಿದ್ದ ಗಾಳೆಪ್ಪನೆಂಬವನು ಮಾತ್ರ, "ಕಾಕಾ, ಪಾಲು ತಗೊಂಡ ಮ್ಯಾಲೆ ಜೋರ ಕೂಗಬೇಕ ಮತ್ತ. ಬೆಟಗೇರಿತನಕ ಕೇಳಬೇಕು," ಎಂದ.

ಕೇಳುತ್ತಿತ್ತು. ತಿರಕಪ್ಪ ತಲೆಕೆಳಗಾದ ಪೆಟ್ಟಿಗೆಯ ಮೇಲೆ ಕೂತು "ಲಾ...ಭ" ಎಂದು ಎಳೆದರೆ ಶೆಡ್ಡಿನ ತಗಡಿನ ಕೆಳಗಿನ ಪಾರಿವಾಳಗಳು ಎದ್ದು ಒಂದು ಸುತ್ತು ಹಾರಿ ಮತ್ತೆ ಕೂರುತ್ತಿದ್ದವು. ಆ ದನಿಯಲ್ಲಿ ಚೀಲಗಳು ಹಗುರಾಗುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಎತ್ತುತ್ತಿದ್ದವ ನಾನು, ನನಗೆ ಗೊತ್ತು. ಮಧ್ಯಾಹ್ನದ ಜೊಂಪಿನಲ್ಲಿ ಒಮ್ಮೊಮ್ಮೆ ನನಗೆ ಹಾಗನಿಸುತ್ತಿತ್ತು: ದೇಶದ ಸರಕೆಲ್ಲ ರೈಲು, ಲಾರಿಗಳಿಂದಲ್ಲ, ಈ ಮುರಿದ ಬೆನ್ನಿನ ಮನುಷ್ಯನ ಗಂಟಲಿನಿಂದ ಸಾಗುತ್ತಿದೆ. ದೂರದ ವ್ಯಾಪಾರಿಗಳು ಅವನ ಹುಣಸೆಬೀಜವನ್ನು ಮತ್ತೊಮ್ಮೆ ಎಣಿಸುತ್ತಿರಲಿಲ್ಲ. ತಿರಕಪ್ಪ ಎಂದರೆ ಮುಗಿಯಿತು.

ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತು. ಕ್ವಿಂಟಲ್ ಚೀಲ ಅರ್ಧ ಕ್ವಿಂಟಲ್ ಆಯಿತು, ಗೋಣಿಯ ಬದಲು ಪ್ಲಾಸ್ಟಿಕ್ ನೂಲು ಬಂತು. ಶೆಡ್ಡಿಗೆ ಬರುವ ಡಬ್ಬಿಗಳು ಕಡಿಮೆಯಾಗುತ್ತ ಆಗುತ್ತ ವಾರಕ್ಕೆ ಎರಡಾದವು. ಪಾರಿವಾಳಗಳಿಗೂ ಹಾರಲು ಕಾರಣ ಉಳಿಯಲಿಲ್ಲ. ಆಗಲೇ ಹುಬ್ಬಳ್ಳಿ ಕಡೆಯ ಬೈಪಾಸಿನ ಮೇಲೆ ಹೊಸ ಗೋದಾಮು ಎದ್ದಿತು. ಕೆರೆಯಷ್ಟು ಅಗಲ, ಒಂದೂ ಕಿಟಕಿಯಿಲ್ಲ. ಹದಿನೆಂಟು ಗಾಲಿಯ ಲಾರಿಗಳು ಹಿಮ್ಮುಖವಾಗಿ ಬಂದು ಅದರ ಬಾಗಿಲುಗಳಿಗೆ ಕರುಗಳ ಹಾಗೆ ಬಾಯಿ ಹಚ್ಚಿ ನಿಲ್ಲುತ್ತಿದ್ದವು. ಚೀಲ ಹೊರುವ ಹಾಗಿಲ್ಲ. ಲಾರಿಯಿಂದ ಒಂದು ಹೆಜ್ಜೆ ಆಚೆ ರಬ್ಬರಿನ ಪಟ್ಟಿ ತಾನೇ ಓಡುತ್ತಿತ್ತು. ಅದರ ಮೇಲೆ ಚೀಲ ಇಟ್ಟರೆ ಸಾಕು, ಕತ್ತಲೊಳಗೆ ತೇಲಿ ಹೋಗುತ್ತಿತ್ತು. ಬೆನ್ನುಗಳಿಗೆ ಅದೊಂದು ಸ್ವರ್ಗ. ಮೌಲಾಸಾಬನ ಗುಂಪನ್ನು ಒಂದು ವಾರ ಪರೀಕ್ಷೆಗೆ ಕರೆದರು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ.

ಅಲ್ಲಿ ಮೊದಲ ಬಾರಿ ನಾನು ನನ್ನ ಚಿತ್ರ ನೋಡಿದೆ. ಹೊಸ ಚೀಲಗಳ ಮೇಲೆ ಅಚ್ಚು ಹಾಕಿದ್ದರು: ಒಂದು ಕೊಕ್ಕೆ, ಅದರ ಮೇಲೆ ಅಡ್ಡಗೆರೆ.

"ಚಾಚಾ, ನಿನ್ನ ಕೊಕ್ಕಿ ಫೋಟೋ ಬಂದೈತಿ ನೋಡ!" ಎಂದ ಗಾಳೆಪ್ಪ.

"ಮ್ಯಾಲೆ ಕಾಟು ಹೊಡದಾರಲ್ಲೋ."

"ಪೊಲೀಸ್ರು ಹುಡುಕಾಕತ್ತಿರಬೇಕು. ಸೊಂಟದಾಗ ಮುಚ್ಚಿಟ್ಕೋ."

ಮೌಲಾಸಾಬ ನಕ್ಕ, ಆದರೆ ನನ್ನನ್ನು ಬಿಟ್ಟು ಬರಲು ಅವನಿಂದಾಗಲಿಲ್ಲ. ಕೆಲಸವಿಲ್ಲದಿದ್ದರೂ ಅವನ ಸೊಂಟಕ್ಕೆ ತೂಗುತ್ತ ಹೋದೆ.

ನಮ್ಮ ಗುಂಪಿಗೆ ಕೊಟ್ಟ ಬಾಗಿಲಿನ ಉಸ್ತುವಾರಿ ಶಮಿತಾ ಎಂಬ ಹುಡುಗಿಯದು. ಮಂಗಳೂರಿನವಳು, ಓದಿದವಳು, ತಲೆಗೆ ಹಳದಿ ಟೊಪ್ಪಿಗೆ. ಅಕ್ಕಿಯನ್ನು ಪ್ಯಾಕೆಟ್ಟಿನಲ್ಲಿ ಮಾತ್ರ ನೋಡಿ ಬೆಳೆದವಳು. ಧೂಳಿಗೆ ಸೀನು ಬರುತ್ತದೆಂದು ಮೂಗಿಗೆ ಬಟ್ಟೆ ಕಟ್ಟಿ, ಬೇರೆ ಲಾರಿಯ ಕಾಗದ ನೋಡುತ್ತಲೇ, ಕಿವಿ ಮಾತ್ರ ತಿರಕಪ್ಪನ ಎಣಿಕೆಯ ಕಡೆಗಿಟ್ಟಿದ್ದಳು. ಕೈಯಲ್ಲೊಂದು ಪುಟ್ಟ ಡಬ್ಬಿ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದೊಂದೇ ಅಂಕಿ ಏರುತ್ತಿತ್ತು.

ಮುನ್ನೂರು ಕಡಲೆ ಚೀಲ ಒಳಗೆ ಹೋದವು. ತಿರಕಪ್ಪನ ಮುಂದೆ ಹದಿನೈದು ಹುಣಸೆಬೀಜ. ಶಮಿತಾ ಡಬ್ಬಿ ನೋಡಿದಳು.

"ಇನ್ನೂರ ಎಂಬತ್ತೈದೇ ಉಂಟಲ್ಲ ಅಜ್ಜ? ಹದಿನೈದು ಕಮ್ಮಿ."

"ಮುನ್ನೂರ ಐತವ್ವಾ. ಬೀಜ ನೋಡು."

"ಬೀಜ ನೋಡಿ ಎಂಥ ಮಾಡುದು? ಮೇಲಿನವರಿಗೆ ನಾನು ಬೀಜ ಕಳಿಸ್ಲಿಕ್ಕೆ ಆಗ್ತದಾ?"

ಒಳಗೆ ಹೋದ ಚೀಲಗಳು ಆಗಲೇ ಹಳೆಯ ರಾಶಿಯಲ್ಲಿ ಬೆರೆತಿದ್ದವು. ಗೇಟು ಮುಚ್ಚಿದರು. ಫೋನಿನಲ್ಲಿ ಮೇಲಿನ ಸಾಹೇಬರ ದನಿ ಹೊರಗೇ ಕೇಳುತ್ತಿತ್ತು: ಲಾರಿಯಿಂದಲೇ ಬೇರೆ ಕಡೆ ದಾಟಿಸಿರಬೇಕು, ಆ ಕಳ್ಳರನ್ನು ಬಿಡಬೇಡಿ. ಆ ಮಾತಿಗೆ ಗಾಳೆಪ್ಪ ತೋಳು ಏರಿಸಿದ. ತಿರಕಪ್ಪ ಮಾತ್ರ ಬೀಜಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಬಾಯಿಯ ಮೇಲೆ ಅನುಮಾನ ಬಂದಿತ್ತು.

ನನಗೆ ಕಾರಣ ಗೊತ್ತಿತ್ತು. ಮೌಲಾಸಾಬನ ಸೊಂಟದಲ್ಲಿ ತೂಗುವ ನನ್ನ ಎತ್ತರಕ್ಕೇ ಸರಿಯಾಗಿತ್ತು ಶಮಿತಾಳ ಹೆಬ್ಬೆರಳು. ಬೆಳಗಿನಿಂದ ಅದನ್ನೇ ನೋಡುತ್ತಿದ್ದೆ. ಆದರೆ ಕಬ್ಬಿಣಕ್ಕೆ ಚೂಪು ಕೊಟ್ಟವನು ಮಾತು ಕೊಟ್ಟಿರಲಿಲ್ಲ.

ಮೌಲಾಸಾಬ ಬೀಜಗಳನ್ನು ತಾನೂ ಒಮ್ಮೆ ಎಣಿಸಿ ತಲೆ ಎತ್ತಿದ.

"ಮೇಡಮ್ಮಾರ, ಬೀಜ ಹದಿನೈದು. ಕಮ್ಮಿ ಬಿದ್ದ ಚೀಲಾನೂ ಹದಿನೈದು. ಬೀಜಕ್ಕೊಂದು ಚೀಲ ಹೆಂಗ ಹೊಕ್ಕಾವ ನೋಡೂಣು. ಆ ಡಬ್ಬಿ ಹಿಡೀರಿ. ತಿರಕ್ಯಾ, ಒಮ್ಮೆ ಅನ್ನು."

"ಲಾ...ಭ," ಎಂದ ತಿರಕಪ್ಪ. ಹೆಬ್ಬೆರಳು ಅಲುಗಲಿಲ್ಲ.

"ಎರಡು." ಟಿಕ್.

ಗಾಳೆಪ್ಪ ಪಟ್ಟಿಯ ಮೇಲೆ ಕೈ ಬಡಿದು ನಗತೊಡಗಿದ. ಶಮಿತಾಳ ಮುಖ ಕೆಂಪಾಯಿತು.

"ಲಾಭ ಅಂದ್ರೆ ಒಂದಾ? ಅಯ್ಯೋ ದೇವರೇ! ನಾನು ಎಂತದೋ ಪ್ರಾರ್ಥನೆ ಅಂತ ಎಣಿಸಿದೆ ಮಾರಾಯ್ರೆ!"

"ಎಣಸಿದೆ ಅಂತೀರಿ, ಎಣಸೇ ಇಲ್ಲಲ್ರೀ!" ಎಂದ ಗಾಳೆಪ್ಪ.

ಅವಳೂ ನಕ್ಕಳು. ಟೊಪ್ಪಿಗೆ ತೆಗೆದು ತಿರಕಪ್ಪನ ಮುಂದೆ ಬಂದು, "ತಪ್ಪಾಯ್ತು ಅಜ್ಜ," ಎಂದಳು. ತಿರಕಪ್ಪ ಅವಳ ಅಂಗೈಯಲ್ಲಿ ಒಂದು ಹುಣಸೆಬೀಜ ಇಟ್ಟು, "ಇದನ್ನ ಕಳಸು ನಿಮ್ಮ ಮ್ಯಾಲಿನವರಿಗೆ," ಎಂದ. ಗೇಟು ತೆರೆಯಿತು.

ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮೇಲಿನ ಸಾಹೇಬರಿಗೆ ಲಾಭದ ಕಥೆ ಕೇಳಿ ನಗು ಬರಲಿಲ್ಲ. ಇನ್ನು ಮುಂದೆ ಬಾಯೆಣಿಕೆಯೇ ಬೇಡ ಎಂದರು. ಪ್ರತಿ ಚೀಲಕ್ಕೆ ಗೆರೆಗೆರೆಯ ಚೀಟಿ, ಅದನ್ನು ಓದಲು ಕೈಯಲ್ಲಿ ಹಿಡಿಯುವ ಯಂತ್ರ. ಗುಂಪಿಗೆ ವರ್ಷದ ಕೆಲಸ ಖಾತ್ರಿ, ಒಳಗೆ ಬಿಡುವ ಪಾಸು ಮಾತ್ರ ಎಂಟು. ಪಾಸು ಬೇಕಾದವನು ಅರ್ಧ ಕ್ವಿಂಟಲ್ ಚೀಲ ಎತ್ತಿ ತೋರಿಸಬೇಕು. ಶಮಿತಾ ಫೋನಿನಲ್ಲಿ ಅರ್ಧ ಗಂಟೆ ವಾದಿಸಿದಳು. ಚೀಟಿ ಅಂಟಿಸುವ ಕೆಲಸ ಅಜ್ಜನಿಗೆ ಕೊಡಿ ಎಂದಳು. ಅದಕ್ಕೆ ದಿನಕ್ಕೆ ಸಾವಿರ ಸಲ ಬಗ್ಗಬೇಕು. ಬಗ್ಗುವ ಬೆನ್ನು ಸಕ್ಕರೆ ಚೀಲದ ಕೆಳಗೇ ಉಳಿದಿತ್ತು.

ಹೆಸರು ಬರೆದುಕೊಡಬೇಕಾದವನು ಮುಕಾದಮ. ಮೂರು ದಿನ ಕಾಗದ ಅವನ ಅಂಗಿಯ ಕಿಸೆಯಲ್ಲೇ ಇತ್ತು. ತನ್ನ ಹೆಸರು ಬಿಡೋಣವೆಂದರೂ ತಿರಕಪ್ಪನಿಗೆ ಪಾಸು ಸಿಗುವುದಿಲ್ಲ. ಎಲ್ಲರೂ ಶೆಡ್ಡಿಗೇ ಮರಳೋಣವೆಂದರೆ ವಾರಕ್ಕೆ ಎರಡು ಡಬ್ಬಿ, ಒಂಬತ್ತು ಮನೆ. ಗಾಳೆಪ್ಪ ಅವನ ಮುಂದೆ ಕೂತು ಒಂದೇ ಮಾತು ಹೇಳಿದ: "ಚಾಚಾ, ನನ್ನ ಬೆನ್ನೂ ತಿರಕಪ್ಪಕಾಕಾನ ಬೆನ್ನಿನಂಗ ಆಗಲಿ ಅಂತೀಯೇನು?" ಮೌಲಾಸಾಬ ಕಿಸೆಯಿಂದ ಕಾಗದ ತೆಗೆದ. ಎಷ್ಟು ಬೆನ್ನುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಎಂಟು ಹೆಸರು ಬರೆದ.

ಆ ಸಂಜೆ ತಿರಕಪ್ಪನ ಮನೆಗೆ ಹೋದ. ನನ್ನನ್ನೂ ಒಯ್ದ. ತಿರಕಪ್ಪನ ಹೆಂಡತಿ ಫಕೀರವ್ವ ಚಹಾ ತಂದಿಟ್ಟಳು. ಮೌಲಾಸಾಬ ತನ್ನ ಬಟ್ಟಲು ಮುಟ್ಟಲಿಲ್ಲ.

"ನಾಳೆ ಬರಬ್ಯಾಡ ತಿರಕ್ಯಾ," ಎಂದ ಮೌಲಾಸಾಬ.

"ಮತ್ತ ಲಾಭ ಯಾರ ಅಂತಾರ?"

"ಯಾರೂ ಅನ್ನೂದಿಲ್ಲ. ಒಂದು ಮಷೀನ್ ಐತಿ. ಪೀಂಕ್ ಅಂತೈತಿ."

ತಿರಕಪ್ಪ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ಆಮೇಲೆ, "ಹಂಗಾರ ನಿನ್ನ ಮಾತು ಉಳೀತಲ್ಲೋ. ಇನ್ನೊಬ್ಬರ ಬಾಯಿಗೆ ಏನ್ ಹೋಗಲಿಲ್ಲ," ಎಂದ.

"ನನ್ನ ಸಮಾಧಾನ ಮಾಡಬ್ಯಾಡಲೇ ನೀನು!" ಮೌಲಾಸಾಬ ಎದ್ದು ನಿಂತ. "ಬೇಕಾರ ಬೈ."

"ಬೈಯಾಕ ನಾಳೆಯಿಂದ ಬೇಕಾದಷ್ಟು ಟೈಮ್ ಐತಿ. ಇವತ್ತ ಚಾ ಕುಡಿ."

ಹೋಗುವಾಗ ಮೌಲಾಸಾಬ ನನ್ನನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ ಹೋದ. ಮೂವತ್ತು ವರ್ಷದ ಮೇಲೆ ಮೊದಲ ಒಡೆಯನ ಮನೆ ಸೇರಿದೆ.

ಈಗ ನನ್ನ ಬಾಗಿಗೆ ಫಕೀರವ್ವ ಉಳ್ಳಾಗಡ್ಡಿಯ ಚೀಲ ತೂಗುಹಾಕುತ್ತಾಳೆ. ತುದಿಗೆ ತುಕ್ಕು ಹತ್ತಿದೆ. ಗಾಳಿ ಬೈಪಾಸಿನ ಕಡೆಯಿಂದ ಬಂದ ದಿನ ದೊಡ್ಡ ಲಾರಿಗಳ ಗುಂಯ್ ಎನ್ನುವ ಸದ್ದು ಗೋಡೆಯೊಳಗೆ ಇಳಿಯುತ್ತದೆ, ನನಗೆ ಜೊಂಪು ಹತ್ತುತ್ತದೆ. ಎಷ್ಟೊಂದು ಸರಕು! ಹಿಂದೆ ಮೂರು ದಿನ ಹಿಡಿಯುತ್ತಿದ್ದುದು ಈಗ ಒಂದು ಹಗಲಿಗೆ ಮುಟ್ಟುತ್ತದಂತೆ. ಆ ಗೋದಾಮಿನಲ್ಲಿ ಇದುವರೆಗೆ ಒಬ್ಬನ ಬೆನ್ನೂ ಮುರಿದಿಲ್ಲವಂತೆ. ಗಾಳೆಪ್ಪ ಬಂದಾಗ ಹೇಳುತ್ತಾನೆ. ಒಳ್ಳೆಯದೇ ಆಯಿತು. ಇನ್ನು ಬರುವ ಕಾಲ ನನ್ನಂಥ ಚೂಪುಗಳಿಲ್ಲದೆ, ಕೂಗುಗಳಿಲ್ಲದೆ, ನೀರಿನ ಹಾಗೆ ಹರಿದು ಹೋಗಲಿ ಎಂದೇ ನಾನೂ ಹಾರೈಸುತ್ತೇನೆ. ಹರಿಯುವ ನೀರಿನ ದಂಡೆಯಲ್ಲಿ ಕೂತವರನ್ನು ಯಾರಾದರೂ ಒಮ್ಮೆ ತಿರುಗಿ ನೋಡಿದರೆ ಸಾಕು.

ಮೌಲಾಸಾಬ ವಾರಕ್ಕೊಮ್ಮೆ ಬರುತ್ತಾನೆ. ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಾರೆ, ಬೈದುಕೊಳ್ಳುತ್ತಾರೆ, ನಗುತ್ತಾರೆ. ತಿರಕಪ್ಪನ ದನಿ ಇನ್ನೂ ಗಟ್ಟಿಯಾಗಿದೆ.

ಮೌಲಾಸಾಬ ಕೊಟ್ಟ ಮಾತು ನಡೆಯಲಿಲ್ಲ.