ಪೂಜೆ ಮಾಡಿ ನೆಟ್ಟ ಗೋಲ್‌ಕಂಬ

ಹನ್ನೊಂದು ವರ್ಷದ ಹಿಂದೆ ತಿಂದ ಒಂದು ಹೋಳಿಗೆ ಅಪೂರ್ವಾಳಿಗೆ ಇನ್ನೂ ಜೀರ್ಣವಾಗಿರಲಿಲ್ಲ. ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಹುಂಚದ ಅವಳ ತವರಿನಲ್ಲಿ ಎಲ್ಲರೂ ಊರಿನವರನ್ನೆಲ್ಲ ಕ್ಷಮೆ ಕೇಳಿ, ಕ್ಷಮೆ ಕೊಡುತ್ತಾರೆ. ಅವಳೂ ಕೈ ಮುಗಿದು ಎಲ್ಲರ ಹೆಸರು ಹೇಳುತ್ತಿದ್ದಳು. ಒಂದು ಹೆಸರನ್ನು ಮಾತ್ರ ಪ್ರತಿ ವರ್ಷ ನೆನಪಿಟ್ಟು ಬಿಟ್ಟುಬಿಡುತ್ತಿದ್ದಳು. ಅದು ಹರಿಹರ ಭಟ್ಟರ ಹೆಸರು.

ಭಟ್ಟರು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಗುಡ್ಡದ ಮೇಲಿರುವ ಕಾಲೇಜಿನ ಕಾರ್ಯದರ್ಶಿ. ಕಾಲೇಜಿಗೆ ತಾಗಿದಂತೆ ಅವರದೇ ಒಂದು ಸಭಾಭವನ. ಸಭಾಭವನಕ್ಕೆ ಕಾರು ನಿಲ್ಲಿಸುವ ಜಾಗ ಇರಲಿಲ್ಲ, ಕಾಲೇಜಿಗೆ ಮೈದಾನ ಇತ್ತು. ಇಷ್ಟು ಹೇಳಿದರೆ ಮಿಕ್ಕಿದ್ದನ್ನು ಯಾರು ಬೇಕಾದರೂ ಊಹಿಸಿಕೊಳ್ಳಬಹುದು. ಲಗ್ನ ಇದ್ದ ದಿನ ಗೋಲ್‌ಕಂಬಗಳನ್ನು ಕಿತ್ತು ಚಪ್ಪರಕ್ಕೆ ಊರುತ್ತಿದ್ದರು. ಮರುದಿನ ಆಟದ ಹುಡುಗರು ಹೋಗಿ ಬಾಳೆಎಲೆ, ಕಾಗದದ ಹೂವು ಬಿಡಿಸಿ ತಂದುಕೊಳ್ಳಬೇಕು.

ಆ ವರ್ಷ ಅಪೂರ್ವಾ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ನಾಯಕಿ. ಸಾಗರದ ತಂಡದ ಜೊತೆ ಫೈನಲ್ ಇದ್ದದ್ದು ಇದೇ ಮೈದಾನದಲ್ಲಿ. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ನೋಡಲು ಬಂದಿದ್ದರು. ಬೆಳಿಗ್ಗೆ ಬಂದು ನೋಡಿದರೆ ಮೈದಾನದ ತುಂಬ ಕಾರು! ಯಾರದೋ ಮದುವೆ. ಆಟಕ್ಕೆ ಜಾಗ ಒದಗಿಸದ ತಂಡ ಸೋತಂತೆ ಎಂದು ರೆಫರಿ ಬರೆದುಕೊಟ್ಟು ಹೋದ. ಅಪೂರ್ವಾ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಇನ್ನೋವಾ ಕಾರಿಗೆ ಒರಗಿ ನಿಂತಿದ್ದಳು. ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು ನಗುತ್ತಲೇ ಬಂದರು.

"ಒಂದ್ ದಿನ ಅಡ್ಜಸ್ಟ್ ಮಾಡ್ಕಳಿ ಮಾರಾಯ್ತಿ. ಎರಡೂ ಟೀಮಿನವ್ರು ಊಟ ಮಾಡ್ಕಂಡೇ ಹೋಗ್ಬೇಕು" ಎಂದರು. ಹುಡುಗಿಯರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಪಂಕ್ತಿಯಲ್ಲಿ ಕೂತರು, ಅಪೂರ್ವಾ ಕೂಡ ಕೂತಳು. ಬಡಿಸುತ್ತಾ ಬಂದ ಭಟ್ಟರು ಅವಳ ಎಲೆಗೆ ಹೋಳಿಗೆ ಹಾಕಿ, ಇಡೀ ಪಂಕ್ತಿಗೆ ಕೇಳುವಂತೆ ಅಂದರು: "ಆಟ ಹೋದ್ರೆ ಹೋಯ್ತು, ಹೋಳಿಗೆ ಸಿಕ್ತಲ್ಲ!"

ಪಂಕ್ತಿಯೆಲ್ಲ ನಕ್ಕಿತು. ಸಾಗರದ ಹುಡುಗಿಯರೂ ನಕ್ಕರು. ಅವಳು ತಲೆ ತಗ್ಗಿಸಿಕೊಂಡು ಹೋಳಿಗೆ ತಿಂದಳು. ತಿಂದದ್ದೇ ಅವಳಿಗೆ ದೊಡ್ಡ ಅವಮಾನ. ಎದ್ದು ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ವರ್ಷ ಅವಳು ಆಯ್ಕೆಯಾಗಲಿಲ್ಲ, ಮುಂದೆ ಯಾವತ್ತೂ ಆಗಲಿಲ್ಲ.

ಆಮೇಲೆ ಅದೇ ಕಾಲೇಜಿಗೆ ದೈಹಿಕ ಶಿಕ್ಷಣದ ಮೇಡಂ ಆಗಿ ವಾಪಸ್ಸು ಬಂದಳು. ಬೇರೆ ಕಡೆಯಿಂದಲೂ ಕರೆ ಬಂದಿತ್ತು. ಇಲ್ಲಿಗೇ ಬಂದದ್ದು ಯಾಕೆಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಸರ್ಕಾರದ ಅನುದಾನದ ಖಾಯಂ ಹುದ್ದೆ, ಭಟ್ಟರು ಕಿತ್ತು ಹಾಕುವಂತಿರಲಿಲ್ಲ. ಪ್ರತಿ ವರ್ಷ ಆಡಳಿತ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದಳು: ಕಾಲೇಜಿಗೆ ತನ್ನದೇ ಸ್ಟೇಡಿಯಂ ಬೇಕು. ಅವಳು ಕೇಳಿದ್ದು ದೊಡ್ಡದೇನಲ್ಲ. ಸುತ್ತ ಬೇಲಿ, ಒಂದು ಗೇಟು, ಗುಡ್ಡದ ಇಳಿಜಾರಿನಲ್ಲಿ ಜಂಬಿಟ್ಟಿಗೆಯ ಮೆಟ್ಟಿಲು, ಹುಡುಗಿಯರು ಬಟ್ಟೆ ಬದಲಿಸಲು ಎರಡು ಕೋಣೆ. ಅದುವರೆಗೆ ಅವರು ಬಸ್ಸಿನ ಹಿಂದೆ ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸುತ್ತಿದ್ದರು.

"ವರ್ಷಕ್ಕೆ ನಾಕು ಆಟ ಆಡ್ತಾರೆ, ಅದಕ್ಕೆ ಸ್ಟೇಡಿಯಂ!" ಎಂದು ಭಟ್ಟರು ನಗುತ್ತಿದ್ದರು. "ಶಿವಮೊಗ್ಗದಲ್ಲಿ ಇದ್ಯಲ್ಲ, ಬಸ್ ಹತ್ಕಂಡ್ ಹೋಗ್ಲಿ."

ಪ್ರಿನ್ಸಿಪಾಲ್ ರವಿಶಂಕರ ಒಳ್ಳೆಯ ಮನುಷ್ಯ. "ಮೇಡಂ, ಲೈಬ್ರರಿ ಸೂರು ಸೋರ್ತಾ ಇದೆ. ಮೊದ್ಲು ಅದಾಗ್ಲಿ" ಎನ್ನುತ್ತಿದ್ದರು. ಅದು ನಿಜವೇ. ಆದರೆ ಸೋರುವ ಲೈಬ್ರರಿಯಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲವಲ್ಲ ಎಂದು ಅಪೂರ್ವಾ ಹಲ್ಲು ಕಚ್ಚಿ ಕೂರುತ್ತಿದ್ದಳು.

ಅವಳಿಗೆ ದಾರಿ ಸಿಕ್ಕಿದ್ದು ಕಳೆದ ವರ್ಷ. ಕಾಲೇಜನ್ನು ಪರಿಶೀಲಿಸಲು ಮೇಲಿನಿಂದ ಸಮಿತಿ ಬರುವುದಿತ್ತು. ಆಟದ ಸೌಕರ್ಯ ಏನಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಮೂಗಿಗೆ ತುಪ್ಪ ಸವರುವುದರಲ್ಲಿ ಪಳಗಿದ್ದ ಭಟ್ಟರು ಒಂದು ಗುದ್ದಲಿ ಪೂಜೆ ಮಾಡಿ, ಫೋಟೊ ತೆಗೆಸಿ, ಬೋರ್ಡು ಹಾಕಿಸಿ ಕೈ ತೊಳೆದುಕೊಳ್ಳುವ ಯೋಚನೆ ಮಾಡಿದರು. ಹಳೆ ವಿದ್ಯಾರ್ಥಿಗಳು ಬೇಲಿ ಮತ್ತು ಗೇಟು ಕೊಡಿಸಿದರು. ಅವರಿಂದ ಗೇಟಿನ ಬೀಗದ ಕೈ ತೆಗೆದುಕೊಂಡವಳು ಅಪೂರ್ವಾ.

"ಗುದ್ದಲಿ ಪೂಜೆ ಎಲ್ಲಾ ಕಡೆ ಮಾಡ್ತಾರೆ ಸರ್, ಯಾರೂ ನಂಬಲ್ಲ" ಎಂದಳು ಭಟ್ಟರ ಹತ್ತಿರ ಹೋಗಿ, ದನಿಯಲ್ಲಿ ಜೇನು ಸುರಿಸುತ್ತಾ. "ಮದುವೆ ಚಪ್ಪರಕ್ಕೆ ಮುಹೂರ್ತದ ಕಂಬ ನೆಡ್ತಾರಲ್ಲ, ಹಾಗೆ ಗೋಲ್‌ಕಂಬಕ್ಕೇ ಪೂಜೆ ಮಾಡಿ ನೆಟ್ರೆ? ಫೋಟೊ ಚೆನ್ನಾಗ್ ಬರುತ್ತೆ. ನೀವೇ ಸಂಕಲ್ಪ ಮಾಡ್ಬೇಕು."

ಫೋಟೊ ಎಂದರೆ ಭಟ್ಟರಿಗೆ ಪ್ರಾಣ. ಗುಂಡಿಗೆ ಹಾಲು ಬಿತ್ತು, ನವಧಾನ್ಯ ಬಿತ್ತು. ಕಂಬಕ್ಕೆ ಅರಿಶಿನ ಹಚ್ಚಿ ಮಾವಿನೆಲೆ ಕಟ್ಟಿದರು. ಭಟ್ಟರು ತಮ್ಮ ಗೋತ್ರ ಹೇಳಿ, ಕೆಲಸ ಪೂರ್ತಿಯಾಗುವ ತನಕ ಈ ಕಂಬ ಅಲುಗದೆ ನಿಲ್ಲಲಿ ಎಂದು ಪುರೋಹಿತರು ಹೇಳಿಕೊಟ್ಟದ್ದನ್ನೆಲ್ಲ ಗಟ್ಟಿಯಾಗಿ ಹೇಳಿದರು. ಅವರು ಏನೇ ಮಾಡಲಿ, ದೇವರ ಮುಂದೆ ಹೇಳಿದ ಮಾತಿಗೆ ಹೆದರುವ ಮನುಷ್ಯ. ಅದು ಅಪೂರ್ವಾಳಿಗೆ ಚೆನ್ನಾಗಿ ಗೊತ್ತಿತ್ತು. ಫೋಟೊದಲ್ಲಿ ಅವಳು ಹಿಂದಿನ ಸಾಲಿನಲ್ಲಿ ನಿಂತು ನಗುತ್ತಿದ್ದಾಳೆ.

ಸಮಿತಿ ಬಂದು ಹೋಯಿತು. ಬೋರ್ಡಿನ ಬಣ್ಣ ಮಾಸಿತು. ಸ್ಟೇಡಿಯಂನ ಒಂದು ಕಲ್ಲೂ ಬರಲಿಲ್ಲ.

ತುಳಸಿ ಪೂಜೆ ಮುಗಿದು ಲಗ್ನಗಳು ಶುರುವಾಗುವ ಹೊತ್ತಿಗೆ ಭಟ್ಟರು ಸ್ಟಾಫ್ ರೂಮಿಗೆ ಬಂದು, ಎಲ್ಲರ ಕೈಗೂ ಅಕ್ಷತೆ ಕೊಟ್ಟು ಮಗಳ ಮದುವೆಗೆ ಕರೆದರು. ಮಗಳು ಮೇಧಾ. ಇದೇ ಕಾಲೇಜಿನಲ್ಲಿ ಓದಿದವಳು, ಅಪೂರ್ವಾಳ ತಂಡದಲ್ಲೇ ಎರಡು ವರ್ಷ ಗೋಲ್‌ಕೀಪರ್ ಆಗಿ ನಿಂತವಳು. ಗಂಡಿನ ಕಡೆಯವರು ಸಾಗರದವರು. ಬೆಳಿಗ್ಗೆ ಹತ್ತೂವರೆಗೆ ಮಕರ ಲಗ್ನ, ಸ್ವಂತ ಸಭಾಭವನದಲ್ಲೇ.

ಅಪೂರ್ವಾ ಅಕ್ಷತೆಯನ್ನು ಕಣ್ಣಿಗೊತ್ತಿಕೊಂಡಳು. ಸಂಜೆಯೇ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, ಹುಡುಗಿಯರ ಸೆಮಿಫೈನಲನ್ನು ತಮ್ಮ ಮೈದಾನದಲ್ಲಿ ಅದೇ ದಿನ ಇಟ್ಟುಕೊಂಡಳು. ಎದುರು ತಂಡ ಸಾಗರದ್ದೇ. ಮೇಧಾಳ ನೆನಪು ಬರಲಿಲ್ಲವೇ ಎಂದರೆ, ಬಂತು. ಚಳಿಯಲ್ಲಿ ಕೈಗೆ ಉಸಿರು ಊದಿಕೊಳ್ಳುತ್ತಾ ಕಂಬದ ಕೆಳಗೆ ನಿಲ್ಲುತ್ತಿದ್ದ ಹುಡುಗಿ. ಅಪೂರ್ವಾ ಆ ನೆನಪನ್ನು ಪಕ್ಕಕ್ಕೆ ತಳ್ಳಿದಳು.

ವಿಷಯ ತಿಳಿದ ಭಟ್ಟರು ಮೊದಲು ನಕ್ಕರು, ಆಮೇಲೆ ಗದರಿಸಿದರು, ಕೊನೆಗೆ ಮೈದಾನ ನೋಡಿಕೊಳ್ಳುವ ಗುತ್ಯಪ್ಪನಿಗೆ ಕಂಬ ಕಿತ್ತು ಹಾಕಲು ಹೇಳಿದರು. ಕಂಬವಿಲ್ಲದ ಮೈದಾನದಲ್ಲಿ ಆಟ ನಡೆಯುವುದಿಲ್ಲ, ಆಗ ಗೇಟು ತಾನಾಗಿ ತೆರೆಯುತ್ತದೆ ಎಂಬ ಲೆಕ್ಕ. ಗುತ್ಯಪ್ಪ ಹಾರೆ ತರಲು ಭಟ್ಟರ ಮನೆಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ಬಂದು ಅಪೂರ್ವಾಳಿಗೆ ಹೇಳಿದ.

"ಅಮ್ಮಾರು ಹಾರೇನೇ ಕಸ್ಕಂಡ್ರು ಮೇಡಮ್ಮೋರೆ. ಭಟ್ರಿಗೆ ಹೆಂಗ್ ಬೈದ್ರು ಅಂತೀರಿ!"

ಭಟ್ಟರ ಹೆಂಡತಿ ವೇದಾವತಿ ಜಗಲಿಯಲ್ಲಿ ನಿಂತು ಹೇಳಿದ್ದರಂತೆ: "ಗೋತ್ರ ಹೇಳಿ ನೆಟ್ಟ ಕಂಬ ಅದು. ಕೂಸಿನ ಮದುವೆ ವರ್ಷ ಅದನ್ನ ಕೀಳದಾ? ನಿಂಗಕ್ಕೆ ಬುದ್ಧಿ ಇದ್ದಾ ಇಲ್ಯಾ? ಕಾರು ಎಲ್ಲಾದ್ರೂ ನಿಲ್ಲಲಿ, ಕಂಬ ಮಾತ್ರ ಮುಟ್ಟದು ಬ್ಯಾಡ."

ಭಟ್ಟರು ಹೆಗಲ ಮೇಲಿನ ಶಾಲು ಕೊಡವಿ ಒಳಗೆ ಹೋದರಂತೆ. ಅದನ್ನು ಕೇಳಿ ಅಪೂರ್ವಾಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಆ ದಿನ ಎರಡು ಲೋಟ ಕಾಫಿ ಕುಡಿದಳು.

ಮದುವೆಯ ದಿನ ಅವಳು ಬೆಳಿಗ್ಗೆಯೇ ಬಂದು ಸಾಗರದ ತಂಡದ ಬಸ್ಸನ್ನು ಒಳಗೆ ಬಿಟ್ಟುಕೊಂಡು ಗೇಟಿಗೆ ಬೀಗ ಹಾಕಿದಳು. ಗುಡ್ಡ ಹತ್ತುವ ರಸ್ತೆ ಒಂದೇ ಗಾಡಿಯ ಅಗಲ. ವಾಹನ ತಿರುಗಿಸಲು ಇದ್ದ ಜಾಗವೆಂದರೆ ಈ ಮೈದಾನ ಮಾತ್ರ. ಒಂಬತ್ತೂವರೆಗೆ ಆಟ ಶುರುವಾಗುವಾಗ ರಸ್ತೆಯಲ್ಲಿ ಕಾರುಗಳು ಒಂದರ ಹಿಂದೆ ಒಂದು ಕಚ್ಚಿಕೊಂಡು ನಿಂತಿದ್ದವು. ಹಿಂದೆ ಹೋಗುವಂತಿಲ್ಲ, ಮುಂದೆ ಬರುವಂತಿಲ್ಲ. ಎಲ್ಲರಿಗಿಂತ ತಡವಾಗಿ ಬಂದ ಗಂಡಿನ ದಿಬ್ಬಣ ಕೆಳಗೆ ಸೇತುವೆಯ ಹತ್ತಿರವೇ ಸಿಕ್ಕಿಕೊಂಡಿತು.

ದಿಬ್ಬಣ ನಡೆದು ಬಂತು. ರೇಷ್ಮೆ ಸೀರೆಯ ಹೆಂಗಸರು ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದಿದ್ದರು. ಮದುಮಗನ ಪಂಚೆಯ ಅಂಚೆಲ್ಲ ಕೆಂಪು ಧೂಳು. ಅವನ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತರುತ್ತಿದ್ದರು. ಅಜ್ಜಿ ಬಾರದೆ ಚಪ್ಪರದೊಳಗೆ ಕಾಲಿಡುವುದಿಲ್ಲವೆಂದು ಮದುಮಗನ ಅಪ್ಪ ಹಠ ಹಿಡಿದು ಬಿಸಿಲಲ್ಲೇ ನಿಂತ. ಹತ್ತೂವರೆ ದಾಟಿತು. ಹನ್ನೊಂದೂ ದಾಟಿತು. ಅಪೂರ್ವಾ ಗೆರೆಯ ಹೊರಗೆ ನಿಂತು ಒಂದು ಕಣ್ಣನ್ನು ಆಟದ ಮೇಲೆ, ಇನ್ನೊಂದನ್ನು ರಸ್ತೆಯ ಮೇಲೆ ಇಟ್ಟಿದ್ದಳು. ಅಷ್ಟು ಸುಖವಾಗಿ ಅವಳು ಯಾವ ಆಟವನ್ನೂ ನೋಡಿರಲಿಲ್ಲ.

ಭಟ್ಟರು ಬೆವರು ಸುರಿಸುತ್ತಾ ಗೇಟಿಗೆ ಓಡಿ ಬಂದರು.

"ಗೇಟ್ ತೆಗೀರಿ ಮೇಡಂ. ಗಾಡಿಗಳು ತಿರುಗ್ಲಿ. ಒಂದ್ ದಿನ ಅಡ್ಜಸ್ಟ್ ಮಾಡ್ಕಳಿ, ಕೈ ಮುಗೀತೀನಿ."

ಮುಗಿದೇಬಿಟ್ಟರು. ಅಪೂರ್ವಾ ಆಟಗಾರ್ತಿಯರಿಗೆಂದು ತಂದಿದ್ದ ಬಾಳೆಹಣ್ಣಿನ ಒಂದು ಚಿಪ್ಪನ್ನು ಎತ್ತಿ, ಗೇಟಿನ ಸರಳುಗಳ ನಡುವೆ ತೂರಿಸಿ, ಆ ಮುಗಿದ ಕೈಗಳಲ್ಲಿ ಇಟ್ಟಳು. ಬೀಗರೆಲ್ಲ ಅಲ್ಲೇ ನಿಂತು ನೋಡುತ್ತಿದ್ದರು.

"ಮುಹೂರ್ತ ಹೋದ್ರೆ ಹೋಯ್ತು ಭಟ್ರೇ" ಎಂದಳು, ಎಲ್ಲರಿಗೂ ಕೇಳುವಂತೆ. "ಬಾಳೆಹಣ್ಣು ಸಿಕ್ತಲ್ಲ!"

ಭಟ್ಟರ ಮುಖ ಬಿಳುಚಿತು. ನೆನಪಾಯಿತು ಎಂಬುದು ಅವರ ಕಣ್ಣಲ್ಲೇ ಕಂಡಿತು. ಹನ್ನೊಂದು ವರ್ಷ ಅವಳು ಕಾದದ್ದು ಆ ಒಂದು ನೋಟಕ್ಕೆ.

"ಏನಿದು ಭಟ್ರೇ?" ಎಂದ ಮದುಮಗನ ಅಪ್ಪ, ದನಿ ಏರಿಸಿ. "ಸ್ವಂತ ಕಾಲೇಜಿನ ಗೇಟು ತೆಗ್ಸಕ್ಕಾಗಲ್ವಾ ನಿಮಗೆ?"

ಭಟ್ಟರು ಬಾಳೆಹಣ್ಣನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ ಬೀಗರ ಕಡೆ ತಿರುಗಿ, ಅರಿಶಿನ ಮಾಸಿದ ಗೋಲ್‌ಕಂಬ ತೋರಿಸಿದರು.

"ಅದು ನಾನೇ ಪೂಜೆ ಮಾಡಿ ನೆಟ್ಟ ಕಂಬ, ಬೀಗರೇ. ಇಲ್ಲಿ ಸ್ಟೇಡಿಯಂ ಆಗ್ತದೆ. ಮಕ್ಕಳ ಆಟ ನಿಲ್ಸಿ ಮಗಳ ಮದುವೆ ಮಾಡೋದು ನಂಗೆ ಬೇಡ ಅನ್ನಿಸ್ತು. ಮೇಧಾನ ಮದುವೆ ನೆನಪಿಗೆ ಬರೋ ತಿಂಗಳೇ ಕೆಲಸ ಶುರು ಮಾಡಿಸ್ತೀನಿ. ಎಲ್ಲರೆದುರಿಗೆ ಹೇಳ್ತಾ ಇದೀನಿ."

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮದುಮಗನ ಅಪ್ಪ ಮೆತ್ತಗಾಗಿ ಭಟ್ಟರ ಹೆಗಲು ಮುಟ್ಟಿದ. ಪುರೋಹಿತರು, ಹನ್ನೆರಡಕ್ಕೆ ಅಭಿಜಿನ್ ಮುಹೂರ್ತ ಇದೆಯಲ್ಲ, ಏನೂ ದೋಷವಿಲ್ಲ ಎಂದು ಸಮಾಧಾನ ಹೇಳುತ್ತಾ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದರು. ಅಪೂರ್ವಾ ಮತ್ತೆ ಗೆರೆಯ ಹತ್ತಿರ ಹೋದಳು. ಕೇಳಿದ್ದು ಸಿಕ್ಕಿತ್ತು, ಅದೂ ನೂರು ಜನರ ಎದುರಿಗೆ. ಆದರೂ ಮೈಯೆಲ್ಲ ಉರಿಯುತ್ತಿತ್ತು.

ಅವಳ ಹುಡುಗಿಯರು ಒಂದು ಗೋಲಿನಿಂದ ಗೆದ್ದರು. ಅವರು ಕುಣಿದು ದಣಿದು ಕೂತಿದ್ದಾಗ, ಹನ್ನೆರಡೂವರೆಯ ಹೊತ್ತಿಗೆ, ಸಭಾಭವನದ ಪಕ್ಕದ ಬಾಗಿಲಿನಿಂದ ಮೇಧಾ ಬಂದಳು. ಕುತ್ತಿಗೆಯಲ್ಲಿ ಹೊಸ ತಾಳಿ, ಕೈಯಲ್ಲಿ ಹೋಳಿಗೆಯ ಹರಿವಾಣ. ಅಪೂರ್ವಾ ಗೇಟು ತೆರೆದಳು.

"ಗೆದ್ರಾ ಮೇಡಂ?"

"ಗೆದ್ವಿ."

"ಒಳ್ಳೇದಾಯ್ತು. ತಗೊಳ್ಳಿ, ಹುಡ್ಗೀರು ಹಸಿದಿರ್ತಾರೆ." ಅವಳ ಕಾಡಿಗೆ ಕದಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅವತ್ತು ಅಪ್ಪಯ್ಯ ನಿಮಗೆ ಮಾಡಿದ್ದು ನಂಗೂ ಗೊತ್ತು. ನಂಗೊಂದ್ ಮಾತು ಹೇಳಿದ್ರೆ, ಮದುವೆ ಬೇರೆ ಕಡೆ ಇಟ್ಕಳಿ ಅಂತ ನಾನೇ ಹಠ ಹಿಡೀತಿದ್ದೆ. ಈಗ ನೋಡಿ, ಸ್ಟೇಡಿಯಂ ಕೊಟ್ಟ ದೊಡ್ಡ ಮನುಷ್ಯ ಅಂತ ಅಪ್ಪಯ್ಯಂಗೆ ಹೆಸ್ರು ಬಂತು. ಮುಹೂರ್ತ ಮೀರಿ ತಾಳಿ ಕಟ್ಟಿಸ್ಕಂಡೋಳು ಅಂತ ನಂಗೆ ಬಂತು. ನಮ್ಮತ್ತೆ ಒಳಗೆ ಆಗ್ಲೇ ಶುರು ಮಾಡಿದಾರೆ."

ಅಪೂರ್ವಾ ಎರಡೂ ಕೈ ಚಾಚಿದಳು. ಮೇಧಾ ಹರಿವಾಣವನ್ನು ಅವಳ ಕೈಗೆ ಕೊಟ್ಟು, ಹೋಗುವ ಮೊದಲು ಒಮ್ಮೆ ಗೋಲ್‌ಕಂಬದ ಕಡೆ ನೋಡಿ, ನೆರಿಗೆ ಎತ್ತಿಕೊಂಡು ವಾಪಸ್ಸು ನಡೆದಳು.

ಹುಡುಗಿಯರು ಬಂದು ಮುತ್ತಿಕೊಂಡರು. ಒಂದೊಂದೇ ಹೋಳಿಗೆ ಖಾಲಿಯಾಗಿ ಕೊನೆಯದು ಉಳಿಯಿತು. "ನೀವೂ ತಿನ್ನಿ ಮೇಡಂ" ಎಂದರು. ಸಭಾಭವನದ ಜಗಲಿಯಲ್ಲಿ ನಿಂತ ಹರಿಹರ ಭಟ್ಟರು ಕೈ ಬೀಸಿ ಕೂಗುತ್ತಿದ್ದರು, "ಎರಡೂ ಟೀಮಿನವ್ರು ಊಟ ಮಾಡ್ಕಂಡೇ ಹೋಗ್ಬೇಕು!" ಅಪೂರ್ವಾ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ನುಂಗಲಾಗಲಿಲ್ಲ.